ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಊರಲ್ಲೇ ಸಿಗುವ ನೆರವು: ಕೊಪ್ಪಳದ ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬುವ ಕಾಯಿಲೆ), ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉಬ್ಬುವ, ಒಮ್ಮೆ ಪೂರ್ತಿ ಕುಗ್ಗುವ ಕಾಯಿಲೆ), ಭ್ರಮೆಯ ಜೊತೆ ಬರುವ ತೀವ್ರ ಖಿನ್ನತೆ. ಇಂಥ ಕಾಯಿಲೆ ಇರುವ ದೊಡ್ಡವರನ್ನು ನೋಡಿಕೊಳ್ಳುತ್ತಿರುವ ಅವ್ವ, ಅಪ್ಪ, ಹೆಂಡತಿ, ಅಣ್ಣ-ತಮ್ಮಂದಿರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾಯಿಲೆ ಇರುವವರೇ ಕೇಳುವ ಪ್ರಶ್ನೆಗಳೂ ಇವೆ. ಬರೆದಿರುವುದು ಕೊಪ್ಪಳ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬಳ್ಳಾರಿ, ರಾಯಚೂರಿನವರಿಗೂ ಬಹುಪಾಲು ಹೊಂದುತ್ತದೆ. ಗುಳಿಗೆ ಬರೆದುಕೊಡುವವರು ಡಾಕ್ಟರು. ಆದರೆ ಮನುಷ್ಯ ಸುಧಾರಿಸಿಕೊಳ್ಳುವುದು ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ. ಹಾಗಾಗಿ ಇಲ್ಲಿ ಆಸ್ಪತ್ರೆಗಿಂತ ಆಸ್ಪತ್ರೆಯ ಹೊರಗಿನ ಮಾತೇ ಜಾಸ್ತಿ.

ಇದು ಕಾಯಿಲೆನಾ, ಗಾಳಿ ಸೋಕಿದ್ದಾ? ದೇವರಿಗೆ ಹರಕೆ ಹೊತ್ತಿದ್ದೇವೆ.

ಕಾಯಿಲೆಯೇ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಮನೆಯವರೇ ವಿಷ ಹಾಕುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬುವುದು, ವಾರಗಟ್ಟಲೆ ನಿದ್ದೆಯಿಲ್ಲದೆ ಓಡಾಡುವುದು, ಸ್ನಾನ-ಊಟ ಬಿಟ್ಟು ಮೂಲೆ ಹಿಡಿಯುವುದು, ಇವೆಲ್ಲ ಮಿದುಳಿಗೆ ಸಂಬಂಧಿಸಿದ ಕಾಯಿಲೆಯ ಲಕ್ಷಣಗಳು. ಯಾರ ಪಾಪವೂ ಅಲ್ಲ, ಯಾರು ಮಾಡಿಸಿದ್ದೂ ಅಲ್ಲ, ಸಾಕಿದ ರೀತಿಯಿಂದ ಬಂದದ್ದೂ ಅಲ್ಲ.

ಹುಲಿಗೆಮ್ಮನಿಗೆ ಹೋಗುವುದನ್ನು ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹೋಗಿ ಬನ್ನಿ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಗುಳಿಗೆ ತಪ್ಪಿಸಬೇಡಿ. ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ, ಬರೆ ಹಾಕುವ ಕಡೆ ಮಾತ್ರ ಕರೆದೊಯ್ಯಲೇಬೇಡಿ. ದೇಶದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಂಥ ಕಾಯಿಲೆ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಶುರುವಿನ ತಿಂಗಳುಗಳು ಹೀಗೆ ಅಲೆದಾಟದಲ್ಲೇ ಕಳೆದುಹೋದರೆ ಸುಧಾರಿಸುವುದು ಕಷ್ಟವಾಗುತ್ತದೆ.

ತೋರಿಸುವುದಕ್ಕೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಲೇಬೇಕಾ?

ಹೆಚ್ಚಿನವರಿಗೆ ಬೇಕಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮೊದಲು ಅಲ್ಲಿನ ಮನೋರೋಗ ವಿಭಾಗಕ್ಕೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೂ ಇದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುವ ತಂಡ ಅದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಸಾಮಾನ್ಯವಾಗಿ ಮಂಗಳವಾರ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು, ಈ ವಾರ ಡಾಕ್ಟರು ಬರುತ್ತಾರಾ ಎಂದು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಂಡು ಹೊರಡಿ. ಒಂದು ದಿನದ ಕೂಲಿ ಬಿಟ್ಟು ಬಂದವರು ಖಾಲಿ ಕೈಲಿ ವಾಪಸ್ ಹೋಗಬಾರದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳ್ಳಿಯ ದವಾಖಾನೆಯಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದು ಎಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರು. ಔಷಧಿ ಹಳ್ಳಿಯ ಹತ್ತಿರಕ್ಕೆ ಬಂತು. ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಬುನಾದಿ. ಹಾಗಾಗಿ ನಿಮ್ಮ ಆರೋಗ್ಯ ಕೇಂದ್ರದಲ್ಲಿ "ಇದಕ್ಕೆಲ್ಲ ಇಲ್ಲಿ ಔಷಧಿ ಇಲ್ಲ" ಎಂದರೆ ಸುಮ್ನೆ ತಿರುಗಿ ಬರಬೇಡಿ. ಯಾವತ್ತು ತರಿಸಿಕೊಡ್ತೀರಿ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು.

ಮೊದಲ ಸಲ ಹೋಗುವಾಗ ಏನೇನು ಒಯ್ಯಬೇಕು?

ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಗುಳಿಗೆಯ ಖಾಲಿ ಶೀಟ್. ಗುಳಿಗೆಯ ಹೆಸರು ನೆನಪಿಲ್ಲದಿದ್ದರೂ ಆ ಶೀಟ್ ಹೇಳುತ್ತದೆ. ಜೊತೆಗೆ ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಏನು ಮಾತಾಡುತ್ತಾರೆ, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತಾ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡಾಕ್ಟರ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ.

"ನನಗೇನೂ ಆಗಿಲ್ಲ" ಅಂತಾನೆ. ಬರೋದಕ್ಕೇ ಒಪ್ಪೋದಿಲ್ಲ.

ಹಟ ಮಾಡುತ್ತಿದ್ದಾನೆ ಎಂದುಕೊಳ್ಳಬೇಡಿ. ತನಗೆ ಕಾಯಿಲೆ ಇದೆ ಎಂದು ಗೊತ್ತಾಗದಿರುವುದೂ ಈ ಕಾಯಿಲೆಯ ಒಂದು ಭಾಗ. "ಯಾರೂ ಬೈತಿಲ್ಲ, ಎಲ್ಲ ನಿನ್ನ ಭ್ರಮೆ" ಎಂದು ವಾದಕ್ಕೆ ಇಳಿದರೆ ಜಗಳವೇ ಆಗುವುದು. ಅವನಿಗೇ ಕಷ್ಟ ಕೊಡುತ್ತಿರುವುದನ್ನು ಹಿಡಿದುಕೊಳ್ಳಿ. "ತಮ್ಮಾ, ನಾಕು ದಿನ ಆತು ನೀ ಮಕ್ಕೊಂಡಿಲ್ಲ. ನಿದ್ದಿಗಾದ್ರೂ ಏನಾರ ಕೊಡ್ತಾರೇನು ನೋಡೂಣು ಬಾ." ಇಂಥ ಮಾತಿಗೆ ಒಪ್ಪಿಕೊಂಡು ಬಂದವರು ಬಹಳ ಮಂದಿ. ಅವನು ಯಾರ ಮಾತು ಕೇಳುತ್ತಾನೋ ಅವರಿಂದ ಹೇಳಿಸಿ. ಸೋದರಮಾವ ಇರಬಹುದು, ಶಾಲೆಯ ಗೆಳೆಯ ಇರಬಹುದು.

ಆಗಲೂ ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ. ಮನೆಯವರು ಮಾಡಿ, ಮುಂದೇನು ಎಂದು ಕೇಳಬಹುದು.

ಗುಳಿಗೆ ಪುಡಿ ಮಾಡಿ ಸಾರಿನಲ್ಲಿ ಬೆರೆಸಿ ಕೊಡ್ತಿದ್ದೇವೆ. ತಪ್ಪಾ?

ಮನೆಯವರು ಬೇರೆ ದಾರಿ ಕಾಣದೆ ಹೀಗೆ ಮಾಡುತ್ತಾರೆ ಎಂದು ನಮಗೆ ಗೊತ್ತು. ಆದರೂ ಬೇಡ ಎಂದೇ ಹೇಳುತ್ತೇವೆ. ಮೊದಲನೆಯದಾಗಿ, ಎಷ್ಟು ಔಷಧಿ ಒಳಗೆ ಹೋಯಿತು ಎಂಬುದು ತಿಳಿಯುವುದಿಲ್ಲ. ಅರ್ಧ ಊಟ ಬಿಟ್ಟರೆ ಅರ್ಧ ಗುಳಿಗೆ ಹೋಯಿತು. ಅದಕ್ಕಿಂತ ದೊಡ್ಡದು ನಂಬಿಕೆ. ಮನೆಯವರು ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂಬ ಸಂಶಯ ಮೊದಲೇ ಇರುವವನಿಗೆ ಒಂದು ದಿನ ಅದು ನಿಜವೆಂದು ಕಂಡರೆ? ಆಮೇಲೆ ಆ ಮನೆಯ ರೊಟ್ಟಿಯನ್ನೇ ಮುಟ್ಟುವುದಿಲ್ಲ.

ಯಾಕೆ ಬೇಡ ಎನ್ನುತ್ತಾರೆ ಎಂದು ಸಮಾಧಾನದಿಂದ ಕೇಳಿ. ಕೈಕಾಲು ಬಿಗಿಯುತ್ತದೆ, ಬಾಯಿ ಒಣಗುತ್ತದೆ, ಬೆಳಗ್ಗೆ ಏಳಲು ಆಗುವುದಿಲ್ಲ, ಮೈ ಬರುತ್ತದೆ, ಗಂಡ-ಹೆಂಡತಿ ಸಂಬಂಧಕ್ಕೆ ತೊಂದರೆ. ಕೊನೆಯದನ್ನು ನಾಚಿಕೆಯಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಾಕ್ಟರಿಗೆ ಹೇಳಿದರೆ ಗುಳಿಗೆ ಬದಲಿಸಬಹುದು, ಪ್ರಮಾಣ ಇಳಿಸಬಹುದು. ದಿನಾ ನುಂಗುವುದೇ ಬೇಸರವಾದರೆ, ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್ ಇವೆ. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಳ್ಳಲು ಆಗುತ್ತದಾ ಕೇಳಿ.

ಆರು ತಿಂಗಳಿಂದ ಆರಾಮಾಗಿದ್ದಾಳೆ. ಇನ್ನು ಗುಳಿಗೆ ನಿಲ್ಲಿಸಬಹುದಲ್ವಾ?

ನೀವಾಗಿ ನಿಲ್ಲಿಸಬೇಡಿ. ಮೊದಲ ಸಲ ಬಂದ ಕಾಯಿಲೆಯಾದರೂ ಸಾಮಾನ್ಯವಾಗಿ ಕನಿಷ್ಠ ಒಂದೆರಡು ವರ್ಷ ಗುಳಿಗೆ ಬೇಕು. ಮತ್ತೆ ಮತ್ತೆ ಬಂದಿದ್ದರೆ ಇನ್ನೂ ಹೆಚ್ಚು. ಗುಳಿಗೆ ಬಿಟ್ಟ ಮರುವಾರವೇ ಕಾಯಿಲೆ ಮರಳುತ್ತದೆ ಎಂದೇನಿಲ್ಲ. ಎರಡು-ಮೂರು ತಿಂಗಳು ಚೆನ್ನಾಗಿಯೇ ಇರುತ್ತಾರೆ. ಅದಕ್ಕೇ ಮನೆಯವರು ಮೋಸ ಹೋಗುವುದು. ಮೊದಲು ಕೆಡುವುದು ಹೆಚ್ಚಾಗಿ ನಿದ್ದೆ. ಮೂರು ರಾತ್ರಿ ನಿದ್ದೆ ಇಲ್ಲವೆಂದರೆ ಮುಂದಿನ ತಾರೀಖಿನ ತನಕ ಕಾಯದೆ ಹೋಗಿ ತೋರಿಸಿ.

ಇನ್ನೊಂದು ವಿಷಯ. ಬೈಪೋಲಾರ್‌ಗೆ ಕೊಡುವ ವಾಲ್ಪ್ರೋಯೇಟ್ ಎಂಬ ಗುಳಿಗೆ ಬಸಿರಿನಲ್ಲಿ ಮಗುವಿಗೆ ಹಾನಿ ಮಾಡುತ್ತದೆ. ಮಗು ಬೇಕು ಎಂದಿರುವ ಹೆಣ್ಣುಮಕ್ಕಳು ಬಸಿರಾಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ ಬೇರೆ ಔಷಧಿಗೆ ಬದಲಾಯಿಸಿಕೊಳ್ಳಬೇಕು.

ಬೇಸಿಗೆಯಲ್ಲಿ ಏನಾದರೂ ಹುಷಾರು ಬೇಕಾ?

ಬೇಕು. ನಮ್ಮ ಭಾಗದಲ್ಲಂತೂ ಬಹಳ ಬೇಕು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಭ್ರಮೆಗೆ ಕೊಡುವ ಗುಳಿಗೆಗಳು ಮೈಯ ಕಾವು ಹತೋಟಿಯಲ್ಲಿಡುವ ಶಕ್ತಿಯನ್ನು ತಗ್ಗಿಸುತ್ತವೆ. ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರುವುದನ್ನು ಕಡಿಮೆ ಮಾಡುತ್ತದೆ. ಇವರು ಮಧ್ಯಾಹ್ನ ಹೊಲದಲ್ಲಿ ನಿಂತರೆ ಬೇರೆಯವರಿಗಿಂತ ಬೇಗ ಬಿಸಿಲು ಬಡಿಯುತ್ತದೆ. ಬೆಳಗಿನ ಜಾವ, ಸಂಜೆ ಕೆಲಸ ಇಟ್ಟುಕೊಳ್ಳಿ. ಮಜ್ಜಿಗೆ, ನೀರು ಕೊಡುತ್ತಿರಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಗುಳಿಗೆ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಮೈಯಲ್ಲಿ ನೀರು ಕಮ್ಮಿಯಾದರೆ, ವಾಂತಿ-ಭೇದಿಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಊಟದಲ್ಲಿ ಉಪ್ಪನ್ನು ಒಮ್ಮೆಲೇ ಕಡಿಮೆ ಮಾಡಬೇಡಿ. ಮೈಕೈ ನೋವಿಗೆ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಅವೂ ಲಿಥಿಯಂ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ತೊದಲುವುದು, ತೂರಾಡುವುದು ಕಂಡರೆ ಗುಳಿಗೆ ತಡೆದು ಕೂಡಲೇ ಆಸ್ಪತ್ರೆಗೆ ಹೋಗಿ. ತೂರಾಡಿದ್ದನ್ನು ನೋಡಿ "ಕುಡಿದಿದ್ದಾನೆ" ಎಂದು ಬಿಟ್ಟುಬಿಡುವ ಸಾಧ್ಯತೆ ಇದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಸುಗ್ಗಿ ಮುಗಿದ ಮೇಲೆ ಗುಳೆ ಹೋಗ್ತೇವೆ. ಔಷಧಿ ಹೇಗೆ?

ಹೊರಡುವ ಮುಂಚೆ ಡಾಕ್ಟರಿಗೆ ಹೇಳಿ. ಆಗುವಷ್ಟು ದಿನದ ಗುಳಿಗೆ ಒಟ್ಟಿಗೆ ಕೊಡಿ ಎಂದು ಕೇಳಿ. ಚೀಟಿಯ ಫೋಟೋ ಇಬ್ಬರ ಮೊಬೈಲ್‌ನಲ್ಲಿ ಇರಲಿ. ಬೆಂಗಳೂರಿಗೆ ಹೋಗುವವರಿಗೆ ನಿಮ್ಹಾನ್ಸ್ ಇದೆ. ಬೇರೆ ಊರಲ್ಲಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದರೆ ಜನೌಷಧಿ ಅಂಗಡಿಯಲ್ಲಿ ಕೇಳಿ, ಬೆಲೆ ಬಹಳ ಕಡಿಮೆ. ರಾತ್ರಿ ಪಾಳಿ ಕೆಲಸ ಮಾತ್ರ ಬೇಡ. ನಿದ್ದೆಗೆಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಬೈಪೋಲಾರ್ ಇದ್ದವರಿಗಂತೂ ಖಂಡಿತ ಅಪಾಯ.

ಮಗನನ್ನು ಊರಲ್ಲೇ ವಯಸ್ಸಾದ ಅವ್ವನ ಜೊತೆ ಬಿಟ್ಟು ಹೋಗುವವರೂ ಇದ್ದಾರೆ. ಹಾಗಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಹೋಗಿ. ಓದಲು ಬಾರದ ಅವ್ವಂದಿರು ಗೋಡೆಯ ಕ್ಯಾಲೆಂಡರಿಗೆ ದಾರ ಕಟ್ಟಿ ಪೆನ್ಸಿಲ್ ತೂಗುಹಾಕುತ್ತಾರೆ. ರಾತ್ರಿ ರೊಟ್ಟಿ ತಿಂದಾದ ಮೇಲೆ ಮಗ ಗುಳಿಗೆ ನುಂಗಿದನೆಂದರೆ ಆ ದಿನದ ಮನೆಗೆ ಒಂದು ಗೀಟು. ಗೀಟು ಇಲ್ಲದ ದಿನ ಎರಡಾದರೆ ಆಶಾ ಅಕ್ಕನಿಗೆ ಫೋನ್. ಇಷ್ಟು ಸಣ್ಣ ವ್ಯವಸ್ಥೆ ಎಷ್ಟೋ ಅಡ್ಮಿಷನ್ ತಪ್ಪಿಸುತ್ತದೆ.

ಹೊಡೆಯೋಕೆ ಬರ್ತಾನೆ. ಕಟ್ಟಿಹಾಕದೆ ಏನು ಮಾಡೋದು?

ಕಷ್ಟದ ಪ್ರಶ್ನೆ ಇದು. ಸರಪಳಿ ಹಾಕುವ ಮನೆಯವರು ಕ್ರೂರಿಗಳಲ್ಲ, ಸೋತುಹೋದವರು. ಆದರೆ ಸರಪಳಿ ಹಾಕುವುದನ್ನು 2017ರ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ಅದರ ಅಪಾಯ ಎಷ್ಟೆಂದು ಕೇಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಒಂದು ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸುಟ್ಟು ಸತ್ತರು.

ಸಿಟ್ಟು ಏರಿದಾಗ ಮಕ್ಕಳನ್ನು ದೂರ ಕಳಿಸಿ. ಕುಡುಗೋಲು, ಕೊಡಲಿ ತೆಗೆದಿಡಿ. ಸುತ್ತ ಜನ ಕೂಡದಂತೆ ನೋಡಿ. ಒಬ್ಬರೇ ತಗ್ಗಿದ ದನಿಯಲ್ಲಿ ಮಾತಾಡಿ. ಆಗದಿದ್ದರೆ 108 ಅಥವಾ 112. ತುರ್ತಿನಲ್ಲಿ ಯಾವ ನೋಂದಾಯಿತ ವೈದ್ಯರೂ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಬೇಕೆಂದಿಲ್ಲ, ನಿಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರೂ ಕೊಡಬಹುದು. ಅಡ್ಮಿಟ್ ಆಗಲೇಬೇಕಾದಷ್ಟು ಕಾಯಿಲೆ ಇದ್ದು ಅವರು ಒಪ್ಪದಿದ್ದರೆ, ಅವರ ಪರವಾಗಿ ಮಾತಾಡಲು ನಾಮನಿರ್ದೇಶನಗೊಂಡ ಪ್ರತಿನಿಧಿ ಅರ್ಜಿ ಕೊಟ್ಟು, ತಜ್ಞರಿಬ್ಬರು ಪರೀಕ್ಷಿಸಿದ ಮೇಲೆ 30 ದಿನದವರೆಗೆ ಸೇರಿಸಿಕೊಳ್ಳಲು ಅವಕಾಶ ಇದೆ. ಆ 30 ದಿನದಲ್ಲಿ ಹೆಚ್ಚಿನವರು ಮನೆಗೆ ಮರಳುವಷ್ಟು ಸುಧಾರಿಸುತ್ತಾರೆ.

ಒಂದು ಮಾತು ಕೂಡ ನೆನಪಿಡಿ. ಈ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಹೊಡೆಯುವವರಲ್ಲ. ಏಟು ತಿನ್ನುವವರೇ ಜಾಸ್ತಿ.

ಕರೆಂಟ್ ಕೊಡ್ತಾರಂತೆ, ಹೌದಾ?

ಎಲ್ಲರಿಗೂ ಅಲ್ಲ. ಊಟ-ಮಾತು ಎಲ್ಲ ನಿಂತುಹೋದ, ಜೀವಕ್ಕೇ ಅಪಾಯವಿರುವ ಕೆಲವರಿಗೆ ಅದು ಬೇಗ ಕೆಲಸ ಮಾಡುತ್ತದೆ. ಅರಿವಳಿಕೆ ಕೊಡದೆ ಮಾಡುವಂತಿಲ್ಲ ಎಂದು ಕಾನೂನೇ ಹೇಳಿದೆ.

ಅಂಗವಿಕಲರ ಪ್ರಮಾಣಪತ್ರ ಇಂಥವರಿಗೂ ಸಿಗುತ್ತದಾ?

ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ವಿಕಲತೆ ಶೇ. 40 ಅಥವಾ ಹೆಚ್ಚಿದ್ದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್, ಮಾಸಿಕ ಪಿಂಚಣಿ ಮುಂತಾದವಕ್ಕೆ ದಾರಿ ತೆರೆಯುತ್ತದೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋಗಬೇಕು. ಪಿಂಚಣಿಗೆ ನಾಡಕಚೇರಿ.

ಪರೀಕ್ಷೆಯಲ್ಲಿ ನಾಲ್ಕು ಸಂಗತಿ ನೋಡುತ್ತಾರೆ: ತನ್ನ ಸ್ನಾನ-ಬಟ್ಟೆ-ಊಟ ತಾನು ನೋಡಿಕೊಳ್ಳುತ್ತಾರಾ, ಜನರ ಜೊತೆ ಹೇಗಿರುತ್ತಾರೆ, ಮಾತು ಹೇಳಿದರೆ ತಿಳಿಯುತ್ತದಾ, ಕೆಲಸ ಮಾಡುತ್ತಾರಾ. ಕಾಯಿಲೆ ಎಷ್ಟು ವರ್ಷದ್ದು ಎಂಬುದೂ ಸೇರುತ್ತದೆ. ಇಲ್ಲಿ ಮನೆಯವರು ಮರ್ಯಾದೆಗೆ ಅಂಜಿ "ಎಲ್ಲಾ ಮಾಡ್ಕೋತಾನ್ರಿ ಸಾಹೇಬ್ರ" ಎಂದುಬಿಡುತ್ತಾರೆ. ಹಾಗೆ ಹೇಳಿದರೆ ಶೇಕಡಾ ಇಳಿದುಹೋಗುತ್ತದೆ. ಆವತ್ತಿನ ಒಂದು ಒಳ್ಳೆಯ ದಿನ ನೋಡಿ ಹೇಳಬೇಡಿ. ಇಡೀ ತಿಂಗಳು ಹೇಗೆ ಕಳೆಯುತ್ತದೆ, ಎಷ್ಟು ಸಲ ಹೇಳಿದ ಮೇಲೆ ಸ್ನಾನಕ್ಕೆ ಏಳುತ್ತಾನೆ, ಇದ್ದದ್ದು ಇದ್ದಂತೆ ಹೇಳಿ. ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದರೆ ಅವಧಿ ಮುಗಿಯುವ ತಾರೀಖು ಬರೆದಿಟ್ಟುಕೊಳ್ಳಿ. ಮುಗಿದರೆ ಪಿಂಚಣಿ ನಿಲ್ಲಬಹುದು.

ಅರ್ಜಿ ಹಾಕಲು ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಇರುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ. ಅಂಗವಿಕಲರ ಪುನರ್ವಸತಿಗೆಂದೇ ಇರುವ ಕಾರ್ಯಕರ್ತರು ಇವರು. ಕಾಲಿಲ್ಲದವರು, ಕಣ್ಣಿಲ್ಲದವರು ಇವರ ಪಟ್ಟಿಯಲ್ಲಿ ಇರುತ್ತಾರೆ. ನಿಮ್ಮ ಮಗನ ಹೆಸರು ಇದೆಯಾ ಎಂದು ಹೋಗಿ ನೋಡಿ. ಅಂದಹಾಗೆ, ನಿರಾಮಯ ಎಂಬ ವಿಮೆ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ. ಮಾನಸಿಕ ಕಾಯಿಲೆಗೆ ಅಲ್ಲ. ಅದಕ್ಕಾಗಿ ಅಲೆದು ದುಡ್ಡು ಕಳೆದುಕೊಳ್ಳಬೇಡಿ.

ಕೆಲಸಕ್ಕೆ ಹಚ್ಚಬಹುದಾ? ತಲೆಗೆ ಭಾರ ಆಗೋದಿಲ್ವಾ?

ಹಚ್ಚಬೇಕು. ಮನೆಯವರು ಪ್ರೀತಿಯಿಂದಲೇ "ನೀ ಸುಮ್ನೆ ಕುಂದ್ರು" ಎನ್ನುತ್ತಾರೆ. ವರ್ಷಗಟ್ಟಲೆ ಸುಮ್ನೆ ಕೂತವರಿಗೆ ದನಿಗಳೇ ಜೊತೆಗಾರರಾಗುತ್ತವೆ. ಸಣ್ಣದರಿಂದ ಶುರು ಮಾಡಿ. ಎಮ್ಮೆಗೆ ನೀರು, ಅಂಗಡಿಯಿಂದ ಸಕ್ಕರೆ, ಆಮೇಲೆ ಅರ್ಧ ದಿನದ ಕಳೆ ತೆಗೆಯುವುದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಕೂಲಿಗೆ ಹೋದರೆ ದುಡ್ಡು ಅವರ ಕೈಗೇ ಬರಲಿ. ತಾನು ದುಡಿದ ದುಡ್ಡಿನಲ್ಲಿ ಅವ್ವನಿಗೆ ಮಂಡಾಳು ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದವನ ನಡಿಗೆಯೇ ಬೇರೆ ಇರುತ್ತದೆ.

ತಮಿಳುನಾಡು, ಮಹಾರಾಷ್ಟ್ರ, ಗೋವಾದಲ್ಲಿ ಸ್ಕಿಜೋಫ್ರೀನಿಯಾ ಇರುವ 282 ಜನರನ್ನು ಸೇರಿಸಿಕೊಂಡು ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ, ತರಬೇತಿ ಪಡೆದ ಊರಿನ ಕಾರ್ಯಕರ್ತರು ಮನೆಗೆ ಹೋಗಿ ನೆರವಾದ ಕಡೆ, ವರ್ಷದ ಕೊನೆಗೆ ಜನ ಹೆಚ್ಚು ಸುಧಾರಿಸಿದ್ದರು. ಮನೆಗೆ ಬಂದು ಮಾತಾಡಿಸುವವರು ಬೇಕು ಎಂದು ನಾವು ಪದೇ ಪದೇ ಕೇಳುವುದು ಇದಕ್ಕೇ.

ಹಗಲು ಹೊತ್ತು ಬಿಡುವ ಜಾಗ ಏನಾದರೂ ಇದೆಯಾ?

ಮಾನಸಧಾರ ಎಂಬ ರಾಜ್ಯ ಸರ್ಕಾರದ ಯೋಜನೆ ಇದೆ. ಚಿಕಿತ್ಸೆ ಪಡೆದು ಸುಧಾರಿಸುತ್ತಿರುವವರು ಹಗಲು ಬಂದು ಇದ್ದು, ಕೆಲಸ ಕಲಿತು, ಸಂಜೆ ಮನೆಗೆ ಹೋಗುವ ಕೇಂದ್ರ. ನಿಮ್ಮ ಜಿಲ್ಲೆಯ ಕೇಂದ್ರದ ಬಗ್ಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ವಿಚಾರಿಸಿ. ಕುಷ್ಟಗಿಯ ಹಳ್ಳಿಯಿಂದ ದಿನಾ ಕೊಪ್ಪಳಕ್ಕೆ ಹೋಗಿ ಬರುವುದು ಯಾರಿಗೂ ಆಗದ ಮಾತು. ತಾಲ್ಲೂಕಿಗೊಂದು ಬೇಕೇ ಬೇಕು. ಗ್ರಾಮಸಭೆಯಲ್ಲಿ ಇದನ್ನು ಎತ್ತಿ, ಠರಾವು ಬರೆಸಿ.

ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಹಿರಿಯರು ಅಂತಾರೆ.

ಇಲ್ಲ. ಮದುವೆ ಔಷಧಿ ಅಲ್ಲ. ಕಾಯಿಲೆ ಹತೋಟಿಯಲ್ಲಿದ್ದು, ಅವರಿಗೇ ಇಷ್ಟವಿದ್ದರೆ ಮದುವೆ ಆಗಬಹುದು, ಆಗಿ ಚೆನ್ನಾಗಿ ಬಾಳುತ್ತಿರುವವರೂ ಇದ್ದಾರೆ. ಆದರೆ ಮುಚ್ಚಿಟ್ಟು ಮಾಡಬೇಡಿ. ಮುಚ್ಚಿಟ್ಟ ಮನೆಯಲ್ಲಿ ಗುಳಿಗೆಯನ್ನೂ ಮುಚ್ಚಿಡಬೇಕು, ಎರಡೇ ತಿಂಗಳಿಗೆ ಅದು ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ. ಇನ್ನೊಬ್ಬರ ಮಗಳ ಬದುಕಿನ ಪ್ರಶ್ನೆಯೂ ಹೌದು.

ಮಗಳನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟು ಹೋಗಿದ್ದಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಬಹಳ ಆಗುತ್ತದೆ. ಗಂಡಿಗೆ ಕಾಯಿಲೆಯಾದರೆ ಹೆಂಡತಿ ನೋಡಿಕೊಳ್ಳುತ್ತಾಳೆ, ಹೆಂಡತಿಗೆ ಆದರೆ ತವರಿಗೆ ಕಳಿಸುತ್ತಾರೆ. ಇದು ಅನ್ಯಾಯ. ಅವಳಿಗೆ ಜೀವನಾಂಶ ಕೇಳುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಈ ಸೌಲಭ್ಯ ಇದೆ. ಫೋನ್ 15100. ವಕೀಲರು "ಸಹಿ ಹಾಕಿ ರಾಜಿ ಮಾಡ್ಕೊಳ್ಳಿ" ಎಂದು ಆತುರ ಮಾಡಿದರೆ, ಮಗಳು ಸುಧಾರಿಸಿ ತಾನೇ ಓದಿ ತಿಳಿಯುವ ತನಕ ಸಹಿ ಬೇಡ.

ನನಗೇ ಕಾಯಿಲೆ ಇದೆ. ಮತ್ತೆ ಕಾಯಿಲೆ ಜೋರಾದರೆ ನನ್ನ ಮಾತು ಯಾರೂ ಕೇಳೋದಿಲ್ಲ ಅನ್ನೋ ಭಯ.

ಅದಕ್ಕೆ ಕಾನೂನಿನಲ್ಲಿ ಒಂದು ದಾರಿ ಇದೆ. ನೀವು ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ನಿಮ್ಮ ಪರವಾಗಿ ಮಾತಾಡುವವರು ಯಾರು ಎಂದೂ ಆರಿಸಬಹುದು. ಅಪ್ಪನೇ ಆಗಬೇಕಿಲ್ಲ, ನೀವು ನಂಬುವ ಅಕ್ಕನೋ ಗೆಳೆಯನೋ ಆಗಬಹುದು. ಹೇಗೆ ಮಾಡಿಸಬೇಕೆಂದು ಕಾನೂನು ಸೇವಾ ಪ್ರಾಧಿಕಾರದವರನ್ನೇ ಕೇಳಿ. ನಿಮ್ಮ ಚಿಕಿತ್ಸೆಯ ದಾಖಲೆ ನೋಡುವುದು, ವಿಷಯ ಗುಟ್ಟಾಗಿರಲಿ ಎಂದು ಕೇಳುವುದು, ಊರಲ್ಲಿ ಎಲ್ಲರಂತೆ ಬದುಕುವುದು, ಇವೆಲ್ಲ ನಿಮ್ಮ ಹಕ್ಕುಗಳು.

"ಸಾಯಬೇಕು ಅನ್ನಿಸ್ತೈತಿ" ಅಂತಾಳೆ. ಸುಮ್ಮನೆ ಅಂತಾಳೋ ಏನೋ.

ಸುಮ್ಮನೆ ಎಂದುಕೊಳ್ಳಬೇಡಿ. ಅಂಥ ವಿಚಾರ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಹುರಿದುಂಬಿಸಿದಂತೆ ಆಗುವುದಿಲ್ಲ, ಎದೆ ಹಗುರಾಗುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ಹತ್ತಿ, ಭತ್ತ ಬೆಳೆಯುವ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಜಗುಲಿಯ ಮೇಲೇ ಇರುತ್ತದೆ. ಇವತ್ತೇ ಅದನ್ನು ಮನೆಯಿಂದ ಹೊರಗೆ ಬೀಗದಲ್ಲಿಡಿ, ಗುಳಿಗೆಯ ಶೀಟುಗಳನ್ನೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. 14416ಕ್ಕೆ ಫೋನ್ ಮಾಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ನೋಡಿಕೊಂಡು ನೋಡಿಕೊಂಡು ನನಗೇ ಸಾಕಾಗಿದೆ.

ಸಾಕಾಗುತ್ತದೆ. ಸಿಟ್ಟೂ ಬರುತ್ತದೆ. ಅದಕ್ಕೆ ಪಾಪಪ್ರಜ್ಞೆ ಬೇಡ. ವಾರದಲ್ಲಿ ಒಂದು ದಿನವಾದರೂ ಅಕ್ಕನೋ ಚಿಗವ್ವನೋ ಬಂದು ಕೂರುವಂತೆ ಮಾಡಿ, ನೀವು ಹೊರಗೆ ಹೋಗಿ ಬನ್ನಿ. ಆಸ್ಪತ್ರೆಯ ಸಾಲಿನಲ್ಲಿ ಪಕ್ಕದಲ್ಲಿ ಕೂತವರ ನಂಬರ್ ತೆಗೆದುಕೊಳ್ಳಿ. ನಿಮ್ಮ ಕಷ್ಟ ಬಿಡಿಸಿ ಹೇಳದೆಯೇ ಅವರಿಗೆ ಅರ್ಥವಾಗುತ್ತದೆ. ನಾಲ್ಕು ಮನೆಯವರು ಸೇರಿದರೆ ಔಷಧಿ ತರಲು ಸರದಿ ಹಾಕಿಕೊಳ್ಳಬಹುದು, ತಹಶೀಲ್ದಾರರ ಹತ್ತಿರ ಒಟ್ಟಿಗೆ ಹೋಗಬಹುದು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚೂ ಉಳಿಯುತ್ತದೆ.

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಲೆದಾಡ್ತಿರ್ತಾರೆ. ಯಾರೋ ಗೊತ್ತಿಲ್ಲ. ನಾವೇನು ಮಾಡಬಹುದು?

ಪೊಲೀಸ್ ಠಾಣೆಗೆ ತಿಳಿಸಿ, ಅಥವಾ 112. ಕಾಯಿಲೆಯಿಂದ ಅಲೆಯುವವರನ್ನು, ತಮ್ಮನ್ನು ತಾವು ನೋಡಿಕೊಳ್ಳಲಾಗದವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲೋ ಜೈಲಿನಲ್ಲೋ ಇಡುವಂತಿಲ್ಲ. ಮನೆ ಸಿಗದಿದ್ದರೆ ಕಾಣೆಯಾದವರೆಂದು ಎಫ್‌ಐಆರ್ ಮಾಡಿ ಹುಡುಕಬೇಕು. ನೀವು ಮೊದಲು ಒಂದು ತಟ್ಟೆ ಊಟ, ನೀರು ಕೊಟ್ಟು ಹೆಸರು ಕೇಳಿ, ಊರು ಕೇಳಿ. ಹೇಳಿದ್ದು ಅರ್ಧಂಬರ್ಧ ಇದ್ದರೂ ಬರೆದುಕೊಂಡು ಠಾಣೆಯಲ್ಲಿ ಕೊಡಿ. ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಎರಡು ದಿನ ಬಿಟ್ಟು ಮತ್ತೆ ಠಾಣೆಗೆ ಹೋಗಿ, ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ ಎಂದು ವಿಚಾರಿಸಿ.